ಕಮೀಲಳ ಕೈಗಳನ್ನು ಎಲ್ಲಿಟ್ಟಿರಿ ಸ್ವಾಮಿ?

ಮೊನ್ನೆ ಭಾನುವಾರ ಗೆಳೆಯನೊಬ್ಬ ಒಂದು ನಾಟಕದ ಸ್ಕ್ರಿಪ್ಟ್ ಕಳಿಸಿದ. ಹವ್ಯಾಸಿ ರಂಗಭೂಮಿಯಲ್ಲಿ ಹದಿನೈದು ವರ್ಷದಿಂದ ಇದ್ದಾನೆ. ಪರದೆ ಎಳೆಯೋದರಿಂದ ಶುರು ಮಾಡಿ, ಬೆಳಕು, ಮೇಕಪ್ಪು, ನಿರ್ದೇಶನ ಎಲ್ಲ ಮಾಡಿದವನು. "ಓದಿ ಹೇಳು, ಮುಲಾಜು ಬೇಡ" ಅಂದ. ಮುಲಾಜು ಬೇಡ ಅಂದವರ ಹತ್ತಿರ ನಿಜವಾಗಿಯೂ ಮುಲಾಜಿಲ್ಲದೆ ಮಾತಾಡಿದರೆ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮೂರು ದಿನದಿಂದ ಅವನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಕದ್ದು ಓದೇ ಓದುತ್ತಾನೆ, ನಂಗೊತ್ತು :-)

ನಾಟಕ ಇರೋದು ಫ್ರಾನ್ಸಿನ ಇಬ್ಬರು ಶಿಲ್ಪಿಗಳ ಮೇಲೆ. ಒಬ್ಬ ಆಗುಸ್ತ್ ರೋಡಾನ್, ನಮ್ಮಲ್ಲಿ ಬಹಳ ಜನ ರೋಡಿನ್ ಅಂತಾರೆ. ಗಲ್ಲಕ್ಕೆ ಕೈಕೊಟ್ಟು ಕೂತ 'ಚಿಂತಕ'ನನ್ನು ಮಾಡಿದವನು. ಇನ್ನೊಬ್ಬಳು ಕಮೀಲ್ ಕ್ಲೋಡೆಲ್. ಅವನ ಶಿಷ್ಯೆ, ಅವನ ಸಹಾಯಕಿ, ಅವನ ಪ್ರೇಯಸಿ. ಸಾಮಾನ್ಯವಾಗಿ ಪರಿಚಯ ಈ ಮೂರು ಪದಕ್ಕೇ ಮುಗಿಯುತ್ತೆ. ಮೂರರಲ್ಲೂ 'ಅವನ' ಇದೆ, ನೋಡಿ. ನನ್ನ ತಕರಾರು ಶುರುವಾಗೋದೇ ಅಲ್ಲಿ.

ಸ್ಕ್ರಿಪ್ಟಿನಲ್ಲಿ ಹದಿನಾಲ್ಕು ದೃಶ್ಯ. ಮೊದಲನೆಯದರಲ್ಲಿ ಅವಳು ಸ್ಟುಡಿಯೋಗೆ ಬರುತ್ತಾಳೆ, ಕಣ್ಣು ಕಣ್ಣು ಸೇರುತ್ತೆ. ನಾಲ್ಕನೆಯದರಲ್ಲಿ ಮುತ್ತು. ಏಳರಲ್ಲಿ ರೋಡಾನನ ಹಳೆಯ ಸಂಗಾತಿ ರೋಜ್ ಬ್ಯೂರೆ ಬಂದು ರಂಪ ಮಾಡುತ್ತಾಳೆ. ಒಂಬತ್ತರಲ್ಲಿ ಅವನು ಬಿಟ್ಟು ಹೋಗುತ್ತಾನೆ, ಹನ್ನೊಂದರಲ್ಲಿ ಇವಳಿಗೆ ಹುಚ್ಚು ಹಿಡಿಯುತ್ತೆ. ಕೊನೆಯದರಲ್ಲಿ ಆಸ್ಪತ್ರೆಯ ಕಿಟಕಿ ಹಿಡಿದು ಅವನ ಹೆಸರು ಕೂಗುತ್ತಾ ಸಾಯುತ್ತಾಳೆ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಇಡೀ ನಾಟಕದಲ್ಲಿ ಕಮೀಲ್ ಒಂಬತ್ತು ಸಲ ಅಳುತ್ತಾಳೆ. ಮಣ್ಣು ಮುಟ್ಟೋದು ಒಂದೇ ಸಲ, ಅದೂ ಸಿಟ್ಟಿನಲ್ಲಿ ರೋಡಾನನ ಮುಖಕ್ಕೆ ಎಸೆಯೋಕೆ!

ಫೋನ್ ಮಾಡಿ ಕೇಳಿದೆ, "ಅಲ್ಲ ಮಾರಾಯ, ಶಿಲ್ಪಿಯ ಕಥೇಲಿ ಶಿಲ್ಪ ಎಲ್ಲಿ?"

"ಜನ ಮಣ್ಣು ನೋಡೋಕೆ ಟಿಕೆಟ್ ತಗೊಳಲ್ಲ ಮಾರಾಯ. ಪ್ರೀತಿ ನೋಡೋಕೆ ತಗೋತಾರೆ" ಅಂದ.

ಜಗಳ ಆಗಿದ್ದು ಅಲ್ಲಿಗೆ.

*

ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಇಬ್ಬರು ಕಲಾವಿದರ ಸಂಬಂಧದ ಮೇಲೆ ಯಾರೇ ಸಿನೆಮಾ, ನಾಟಕ, ಕಾದಂಬರಿ ಮಾಡಿದರೂ ಬಹುತೇಕ ಆಗೋದು ಇದೇ. ಗಂಡು ಮೇಧಾವಿ. ಹೆಣ್ಣು ಪ್ರೀತಿಸಿ ಸುಟ್ಟುಹೋದವಳು. ಅವನ ಕೃತಿಗಳು 'ಕಲೆ', ಅವಳವು 'ಡೈರಿ'.

ತಪ್ಪೊಪ್ಪಿಗೆಯನ್ನೂ ಇಲ್ಲೇ ಮಾಡಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ನಾನೂ ಕಮೀಲಳ ಬಗ್ಗೆ ಇಲ್ಲೇ ಒಂದು ಬರಹ ಹಾಕಿದ್ದೆ. ಹಳಬರಿಗೆ ನೆನಪಿರಬಹುದು. ತಲೆಬರಹದಲ್ಲೇ 'ಪ್ರೀತಿಯ ಬೆಂಕಿ' ಅಂತಿತ್ತು. ಒಂದು ಸಿನೆಮಾ ನೋಡಿದ ರಾತ್ರಿ ಕೂತು ಬರೆದಿದ್ದು. ಬಹಳ ಜನ ಮೆಚ್ಚಿದರು, ನಾನೂ ಬೀಗಿದೆ. ಈಗ ತೆಗೆದು ಓದಿದರೆ ಅವಳ ಒಂದೇ ಒಂದು ಶಿಲ್ಪವನ್ನೂ ಅದರಲ್ಲಿ ಸರಿಯಾಗಿ ನೋಡಿಲ್ಲ. ಹೆಸರು ಮಾತ್ರ ಹೇಳಿ, 'ಇದರಲ್ಲಿ ಅವಳ ನೋವು ಹೆಪ್ಪುಗಟ್ಟಿದೆ' ಅಂತ ಬರೆದು ಮುಂದೆ ಹೋಗಿದ್ದೀನಿ. ಕಂಚು ಹೆಪ್ಪುಗಟ್ಟುತ್ತೆ ಕಣಯ್ಯಾ, ನೋವಲ್ಲ. ಹಾಗಾಗಿ ಇದನ್ನು ನನ್ನ ವಿರುದ್ಧ ನಾನೇ ಬರೆದುಕೊಂಡಿದ್ದು ಅಂತಲೂ ಓದಿಕೊಳ್ಳಿ.

ಅವರಿಬ್ಬರ ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಕಮೀಲ್ ಹುಟ್ಟಿದ್ದು 1864ರಲ್ಲಿ, ರೋಡಾನ್ 1840ರಲ್ಲಿ. ಅಂದರೆ 24 ವರ್ಷದ ಅಂತರ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದು 1897ರಲ್ಲಿ, ಅಷ್ಟು ಹೊತ್ತಿಗೆ ಇವಳಿಗೆ 30 ದಾಟಿತ್ತು. ಹಾಗಾಗಿ ಕಲಿತದ್ದು ಕೊಲರೊಸ್ಸಿ ಅನ್ನೋ ಖಾಸಗಿ ಶಾಲೆಯಲ್ಲಿ. ಕೆಲವು ಗೆಳತಿಯರ ಜೊತೆ ಸೇರಿ ಒಂದು ಸ್ಟುಡಿಯೋ ಬಾಡಿಗೆಗೆ ಹಿಡಿದಿದ್ದಳು. ಅವರಿಗೆ ಪಾಠ ಹೇಳುತ್ತಿದ್ದ ಆಲ್ಫ್ರೆಡ್ ಬೂಶೆ ಇಟಲಿಗೆ ಹೊರಟಾಗ ತನ್ನ ಜಾಗಕ್ಕೆ ರೋಡಾನನನ್ನು ಒಪ್ಪಿಸಿ ಹೋದ. ಹಾಗೆ ಪರಿಚಯ. 1884ರ ಸುಮಾರಿಗೆ ಅವಳು ರೋಡಾನನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಹತ್ತು ವರ್ಷದ ಹತ್ತಿರ ಜೊತೆಗಿದ್ದರು. 1890ರ ದಶಕದಲ್ಲಿ ದೂರವಾದರು.

ಇಷ್ಟರಲ್ಲಿ ಗಮನಿಸಿ. ಅವಳು ಅವನನ್ನು ಕಾಣುವ ಮೊದಲೇ ಶಿಲ್ಪಿ. ಸ್ವಂತ ಸ್ಟುಡಿಯೋ ಇಟ್ಟುಕೊಂಡಿದ್ದ ಶಿಲ್ಪಿ. ನಮ್ಮ ನಾಟಕದಲ್ಲಿ ಅವಳು ಹೂವಿನ ಬುಟ್ಟಿ ಹಿಡಿದ ಹಳ್ಳಿ ಹುಡುಗಿಯ ಹಾಗೆ ಒಳಗೆ ಬರುತ್ತಾಳೆ.

*

ನನ್ನ ಸೋದರಮಾವ ಗಣಪತಿ ಮಾಡುತ್ತಿದ್ದರು. ಚೌತಿಗೆ ಎರಡು ತಿಂಗಳು ಮುಂಚೆ ಅವರ ಚಾವಡಿಗೆ ಜೇಡಿಮಣ್ಣು ಬಂದು ಬೀಳುತ್ತಿತ್ತು. ನಮ್ಮಂಥ ಹುಡುಗರಿಗೆ ಮಣ್ಣು ತುಳಿಯುವ ಕೆಲಸ, ಕಲ್ಲು ಆರಿಸುವ ಕೆಲಸ. ಸ್ವಲ್ಪ ಕೈ ಕುದುರಿದವರಿಗೆ ಪೀಠ, ಹೊಟ್ಟೆ. ಗಣಪತಿಯ ಬೆರಳು ಮಾತ್ರ ಮಾವ ಯಾರಿಗೂ ಬಿಡುತ್ತಿರಲಿಲ್ಲ. "ಹೊಟ್ಟೆ ಯಾರು ಬೇಕಾದ್ರೂ ಮಾಡ್ತಾರೆ, ಬೆರಳು ಮಾಡಿದವನೇ ಕೆಲಸಗಾರ" ಅನ್ನುತ್ತಿದ್ದರು. ಹತ್ತು ವರ್ಷ ಜೊತೆಗೆ ದುಡಿದ ಒಬ್ಬ ಹುಡುಗನಿಗೆ ಒಂದು ಸಲ ಅಭಯಹಸ್ತ ಮಾಡಲು ಕೊಟ್ಟರು. ಅವತ್ತು ಆ ಹುಡುಗ ಊಟವನ್ನೇ ಮರೆತಿದ್ದ.

ಇದನ್ನು ಯಾಕೆ ಹೇಳಿದೆ ಅಂದರೆ, ರೋಡಾನ್ ಕಮೀಲಳಿಗೆ ಕೊಟ್ಟದ್ದು ಬೆರಳಿನ ಕೆಲಸ! 'ಕ್ಯಾಲೆಯ ನಾಗರಿಕರು' ಅನ್ನೋ ಅವನ ದೊಡ್ಡ ಶಿಲ್ಪದ ಕೆಲವು ಕೈಕಾಲುಗಳನ್ನು ಮಾಡಿದ್ದು ಅವಳು ಅಂತ ಕಲಾ ಇತಿಹಾಸಕಾರರು ಹೇಳುತ್ತಾರೆ. ಆ ಶಿಲ್ಪದ ಚಿತ್ರ ಎಲ್ಲಾದರೂ ಸಿಕ್ಕರೆ ನೋಡಿ. ಊರನ್ನು ಉಳಿಸಲು ಸಾಯೋಕೆ ಹೊರಟ ಆರು ಜನ. ಮುಖ ಮುಚ್ಚಿದರೂ ಅವರ ಸಂಕಟ ಗೊತ್ತಾಗುತ್ತೆ, ಅಷ್ಟು ಮಾತಾಡುತ್ತವೆ ಆ ಕೈಗಳು. ಅಂಥ ಶಿಲ್ಪದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಗೆ ಕೈಕಾಲು ಬಿಟ್ಟುಕೊಡೋದು ಅಂದರೆ ಏನು? ಮುತ್ತಿನ ದೃಶ್ಯಕ್ಕಿಂತ ದೊಡ್ಡ ದೃಶ್ಯ ಅಲ್ವಾ ಅದು? ಇಬ್ಬರ ನಡುವಿನ ನಂಬಿಕೆ, ಆಸೆ, ಅಧಿಕಾರ, ಮುಂದೆ ಬರುವ ಜಗಳದ ಬೀಜ ಎಲ್ಲ ಅದರಲ್ಲೇ ಇದೆ. ಹೆಸರು ಯಾರದು? ಕೈ ಯಾರದು? ನಾಟಕಕಾರನಿಗೆ ಇನ್ನೇನು ಬೇಕು?

ಇನ್ನೊಂದು ವಿಷಯ. ರೋಡಾನ್ ಮಣ್ಣಿನಲ್ಲಿ ಮಾಡಿ ಕೊಡುತ್ತಿದ್ದ, ಅದನ್ನು ಅಮೃತಶಿಲೆಯಲ್ಲಿ ಕೆತ್ತುವ ಕೆಲಸ ಹೆಚ್ಚಾಗಿ ಕೂಲಿಯ ಕುಶಲಕರ್ಮಿಗಳದು. ಆ ಕಾಲದ ಪದ್ಧತಿಯೇ ಹಾಗೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಮೀಲ್ ತಾನೇ ಉಳಿ ಸುತ್ತಿಗೆ ಹಿಡಿದು ಕಲ್ಲು ಕೆತ್ತುತ್ತಿದ್ದಳು. ಓನಿಕ್ಸ್ ಅನ್ನೋ ಮೊಂಡು ಕಲ್ಲನ್ನು ಪಳಗಿಸಿದಳು. 'ಹರಟೆಗಾತಿಯರು' ಅನ್ನೋ ಅವಳ ಪುಟಾಣಿ ಶಿಲ್ಪ ಓನಿಕ್ಸಿನಲ್ಲಿದೆ. ನಾಲ್ಕು ಜನ ಹೆಂಗಸರು ತಲೆ ಹತ್ತಿರ ತಂದು ಗುಟ್ಟು ಮಾತಾಡುತ್ತಿದ್ದಾರೆ, ಅಷ್ಟೇ. ಅದರಲ್ಲಿ ರೋಡಾನ್ ಇಲ್ಲ, ವಿರಹ ಇಲ್ಲ. ನಮ್ಮೂರ ಬಾವಿಕಟ್ಟೆ ನೆನಪಾಗುತ್ತೆ. 1893ರ ಡಿಸೆಂಬರಿನಲ್ಲಿ ತಮ್ಮ ಪೌಲ್‌ಗೆ ಬರೆದ ಕಾಗದದಲ್ಲಿ ಇಂಥ ಹೊಸ ಯೋಚನೆಗಳ ಗೀಚುಚಿತ್ರ ಹಾಕಿ, ನೋಡು ಇದರಲ್ಲಿ ರೋಡಾನನದ್ದು ಏನೂ ಇಲ್ಲ ಅನ್ನೋ ಅರ್ಥದ ಮಾತು ಬರೆದಿದ್ದಾಳೆ. ಅವಳೇ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಅವಳ ಪ್ರತಿ ಕಲ್ಲಿನಲ್ಲೂ ಅವನ ಗಡ್ಡ ಹುಡುಕುತ್ತೀವಿ.

*

ಈಗ ಎಲ್ಲರೂ ಹೇಳುವ ಶಿಲ್ಪಕ್ಕೆ ಬರ್ತೀನಿ. 'ಲಾಜ್ ಮ್ಯೂರ್', ಕನ್ನಡದಲ್ಲಿ 'ಮಾಗಿದ ವಯಸ್ಸು' ಅನ್ನಬಹುದು. ನಡುವಯಸ್ಸು ದಾಟಿದ ಒಬ್ಬ ಗಂಡಸು, ಅವನನ್ನು ಎಳೆದುಕೊಂಡು ಹೋಗುತ್ತಿರುವ ಮುದುಕಿ, ಹಿಂದೆ ಮೊಣಕಾಲೂರಿ ಕೈ ಚಾಚಿದ ಯುವತಿ. ಯುವತಿ ಕಮೀಲ್, ಗಂಡಸು ರೋಡಾನ್, ಮುದುಕಿ ರೋಜ್. ಮುಗೀತು ಕಥೆ! ಪೌಲ್ ಕೂಡ ಮುಂದೆ ಇದನ್ನು ತನ್ನ ಅಕ್ಕನ ಬದುಕಿನ ಕಥೆಯಾಗಿಯೇ ಓದಿದ. ನಮ್ಮ ಗೆಳೆಯ ಒಂಬತ್ತನೇ ದೃಶ್ಯದಲ್ಲಿ ಮೂರು ಜನ ನಟರನ್ನು ಹೀಗೇ ನಿಲ್ಲಿಸಿದ್ದಾನೆ.

ಸುಳ್ಳು ಅಂತ ನಾನು ಹೇಳಲ್ಲ. ಬದುಕಿನಿಂದ ಬಂದಿರಬಹುದು. ಆದರೆ ಅಷ್ಟೇನಾ? ಈ ಶಿಲ್ಪಕ್ಕೆ ಎರಡು ರೂಪ ಇವೆ. ಮೊದಲನೆಯದರಲ್ಲಿ ಗಂಡಸಿನ ಕೈ ಇನ್ನೂ ಯುವತಿಯ ಹಿಡಿತದಲ್ಲಿದೆ. ಎರಡನೆಯದರಲ್ಲಿ ಕೈ ಬಿಟ್ಟುಹೋಗಿದೆ. ಅವನ ಕೈಗೂ ಅವಳ ಬೆರಳಿಗೂ ನಡುವೆ ಬರೀ ಗಾಳಿ. ಇಡೀ ಶಿಲ್ಪ ನಿಂತಿರೋದು ಆ ಖಾಲಿ ಜಾಗದ ಮೇಲೆ. ಕಂಚಿನಲ್ಲಿ ಖಾಲಿ ಜಾಗ 'ಮಾಡೋದು' ಅತ್ತು ಕರೆದು ಬರುವ ವಿದ್ಯೆಯಲ್ಲ ಸ್ವಾಮಿ. ಮೊದಲು ಮಾಡಿದ್ದನ್ನು ಕೆಡವಿ, ದೇಹಗಳನ್ನು ದೂರ ಸರಿಸಿ, ಪೀಠವನ್ನು ಅಲೆಯ ಹಾಗೆ ಎಬ್ಬಿಸಿ, ಭಾರ ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕಿದ ತಲೆಯ ಕೆಲಸ ಅದು. ಎದೆ ಒಡೆದವಳು ಮಾಡಿದಳು ಅನ್ನೋದು ಅರ್ಧ ಸತ್ಯ. ಕೆಲಸ ಬಲ್ಲವಳು ಮಾಡಿದಳು ಅನ್ನೋದು ಬಿಟ್ಟುಹೋದ ಅರ್ಧ.

ಅದರ ಹಿಂದಿನ ದುಡ್ಡಿನ ಕಥೆ ಇನ್ನೂ ರೋಚಕ. 1895ರಲ್ಲಿ ಸರ್ಕಾರವೇ ಇದರ ಪ್ಲಾಸ್ಟರ್ ಮಾಡಲು ಹೇಳಿತು. 1899ರಲ್ಲಿ ಪ್ರದರ್ಶನವೂ ಆಯ್ತು. ಕಂಚಿನ ಎರಕದ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು. ರೋಡಾನ್ ಒಳಗಿಂದೊಳಗೆ ಕೈಯಾಡಿಸಿದ ಅನ್ನೋ ಅನುಮಾನ ಇವತ್ತಿಗೂ ಇದೆ, ರುಜುವಾತಾಗಿಲ್ಲ. ಕಡೆಗೆ 1902ರಲ್ಲಿ ಒಬ್ಬ ಸೇನಾಧಿಕಾರಿ ತನ್ನ ದುಡ್ಡಿನಲ್ಲಿ ಎರಕ ಹೊಯ್ಯಿಸಿದ. ಇದೇ ಶಿಲ್ಪದ ಒಂದು ಚಿಕ್ಕ ಕಂಚಿನ ಪ್ರತಿ ಪ್ಯಾರಿಸ್ಸಿನ ಪಾಳುಬಿದ್ದ ಮನೆಯೊಂದರಲ್ಲಿ ಬಟ್ಟೆ ಮುಚ್ಚಿಕೊಂಡು ಸಿಕ್ಕಿ, 2025ರ ಹರಾಜಿನಲ್ಲಿ ಸುಮಾರು 30 ಲಕ್ಷ ಯೂರೋಗೆ ಹೋಯಿತು. ಬದುಕಿದ್ದಾಗ ಎರಕದ ಖರ್ಚಿಗೆ ಪರದಾಡಿದವಳು! ಇದರಲ್ಲಿ ನಾಟಕ ಇಲ್ವಾ?

*

ನಮ್ಮ ಗೆಳೆಯನ ಮೇಲೆ ನಿಜವಾಗಿಯೂ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ.

ಕಮೀಲ್ ತನ್ನ ಹೆಸರಿನಲ್ಲಿ ಮಾಡಿದ ಮೊದಲ ದೊಡ್ಡ ಶಿಲ್ಪ ಯಾವುದು ಗೊತ್ತೇ? ಶಾಕುಂತಲಾ! ಹೌದು, ನಮ್ಮ ಕಾಳಿದಾಸನ ಶಕುಂತಲೆ. 1886ರಿಂದ 1888ರವರೆಗೆ ಮಾಡಿದ್ದು. ಆಳೆತ್ತರದ ಪ್ಲಾಸ್ಟರ್. 1888ರ ಸಲೋನ್ ಪ್ರದರ್ಶನದಲ್ಲಿ ಗೌರವ ಮನ್ನಣೆ ಪಡೆಯಿತು. ಕಾಳಿದಾಸನ ಏಳನೇ ಅಂಕ ನೆನಪಿದೆಯಾ? ಮರೆತಿದ್ದವನಿಗೆ ಎಲ್ಲ ನೆನಪಾಗಿ, ಮಗನನ್ನು ಕಂಡು, ದುಷ್ಯಂತ ಶಕುಂತಲೆಯ ಕಾಲಿಗೆ ಬೀಳುವ ಜಾಗ. ಅವಳು ಆರಿಸಿಕೊಂಡದ್ದು ಅದನ್ನು. ರಾಜ ಮೊಣಕಾಲೂರಿ ಮೇಲೆ ನೋಡುತ್ತಿದ್ದಾನೆ, ಶಕುಂತಲೆ ಅವನ ಕಡೆ ಬಾಗಿ ತಲೆ ಇಟ್ಟಿದ್ದಾಳೆ. ಮಂಡಿಯೂರಿದ್ದು ಗಂಡು, ಕ್ಷಮಿಸುತ್ತಿರೋದು ಹೆಣ್ಣು. ಪ್ರೀತಿ ಇನ್ನೂ ಚೆನ್ನಾಗಿದ್ದ ದಿನಗಳಲ್ಲೇ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ ಇದನ್ನು ಮಾಡಿದ್ದಳು.

1889ರ ಸುಮಾರಿಗೆ ರೋಡಾನ್ 'ಶಾಶ್ವತ ವಿಗ್ರಹ' ಅಂತ ಒಂದು ಮಾಡಿದ. ಅಲ್ಲೂ ಗಂಡಸು ಮಂಡಿಯೂರಿದ್ದಾನೆ. ಆದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೆಣ್ಣನ್ನು ಪೂಜಿಸುತ್ತಿದ್ದಾನೆ. ಹೆಣ್ಣು ಅಲ್ಲಿ ವಿಗ್ರಹ, ಸುಮ್ಮನೆ ನೋಡುತ್ತಾಳೆ. ಕಮೀಲಳ ಶಕುಂತಲೆಯಲ್ಲಿ ಇಬ್ಬರೂ ಮನುಷ್ಯರು, ಇಬ್ಬರೂ ಒಬ್ಬರ ಕಡೆಗೊಬ್ಬರು ಬಾಗಿದ್ದಾರೆ. ಇವೆರಡನ್ನು ರಂಗದ ಮೇಲೆ ಅಕ್ಕಪಕ್ಕ ಇಟ್ಟರೆ ಸಾಕು, ಅವರಿಬ್ಬರ ಸಂಬಂಧ, ಪ್ರೀತಿ, ಪೈಪೋಟಿ, ಯಾರು ಯಾರಿಂದ ತಗೊಂಡರು ಅನ್ನೋ ಪ್ರಶ್ನೆ ಎಲ್ಲ ಒಂದೂ ಮಾತಿಲ್ಲದೆ ಗೊತ್ತಾಗುತ್ತೆ.

ಅವಳು ಪ್ಯಾರಿಸ್ಸಿನಲ್ಲಿ ಶಕುಂತಲೆಯನ್ನು ಮಣ್ಣಿನಲ್ಲಿ ಕಟ್ಟುತ್ತಿದ್ದ ಕಾಲಕ್ಕೆ ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ರಂಗಕ್ಕೆ ಬಂದಾಗಿತ್ತು. ಕನ್ನಡದ ರಂಗಭೂಮಿ ಕಣ್ಣು ಬಿಟ್ಟದ್ದೇ ಅಂಥ ನಾಟಕಗಳಿಂದ. ಕನ್ನಡದಲ್ಲಿ ಕಮೀಲಳ ಮೇಲೆ ನಾಟಕ ಮಾಡ್ತೀನಿ ಅಂತ ಹೊರಟವನ ಹದಿನಾಲ್ಕು ದೃಶ್ಯದಲ್ಲಿ ಶಕುಂತಲೆಯ ಹೆಸರೇ ಇಲ್ಲ! ನಮ್ಮ ಮನೆಯ ಹುಡುಗಿ ಅಲ್ಲಿ ಮಣ್ಣಾಗಿ ಎದ್ದು ನಿಂತಿದ್ದಾಳೆ, ನಾವು ಪ್ಯಾರಿಸ್ಸಿನ ಮುತ್ತು ಹುಡುಕಿಕೊಂಡು ಹೋಗಿದ್ದೀವಿ.

*

ಇನ್ನು 'ಪ್ರೀತಿಯಿಂದ ಹುಚ್ಚಾದಳು' ಅನ್ನೋ ಮಾತು. ಇದು ಬರೀ ರುಚಿಯ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ.

ಅವಳಿಗೆ ಕಾಯಿಲೆ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ರೋಡಾನ್ ಮತ್ತು ಅವನ ಕಡೆಯವರು ತನ್ನ ಕೆಲಸ ಕದಿಯುತ್ತಾರೆ, ವಿಷ ಹಾಕುತ್ತಾರೆ ಅಂತ ನಂಬಿದ್ದಳು. ತಾನೇ ಮಾಡಿದ ಶಿಲ್ಪಗಳನ್ನು ಒಡೆದುಹಾಕುತ್ತಿದ್ದಳು. ಆದರೆ ಅವಳನ್ನು ಆಸ್ಪತ್ರೆಗೆ ಹಾಕಿದ್ದು ಯಾರು? ರೋಡಾನ್ ಅಲ್ಲ. 1913ರ ಮಾರ್ಚ್ ಮೊದಲ ವಾರದಲ್ಲಿ ಅಪ್ಪ ತೀರಿಕೊಂಡ. ಅವಳನ್ನು ಆದರಿಸುತ್ತಿದ್ದವನು ಅವನೊಬ್ಬನೇ. ಸತ್ತ ಸುಮಾರು ಒಂದು ವಾರಕ್ಕೆ ಮನೆಯವರು ಅವಳನ್ನು ಹಿಡಿದೊಯ್ಯಿಸಿದರು. 1838ರ ಕಾನೂನಿನ ಪ್ರಕಾರ ಮನೆಯವರ ಅರ್ಜಿಗೆ ವೈದ್ಯರ ಒಂದು ಪ್ರಮಾಣಪತ್ರ ಸೇರಿದರೆ ಸಾಕಿತ್ತು. ಆಗಲೇ ಅವಳ ಊರ ಕಡೆಯ ಪತ್ರಿಕೆಯೊಂದು ಇದು ಅನ್ಯಾಯ ಅಂತ ಬರೆದಿತ್ತು. ಹೊರಗಿನವರ ಕಾಗದ ಅವಳಿಗೆ ತಲುಪದಂತೆ ಮಾಡಿದ್ದು ತಾಯಿ. 1920ರಲ್ಲಿ ಆಸ್ಪತ್ರೆಯ ವೈದ್ಯರೇ, ಕರೆದುಕೊಂಡು ಹೋಗಿ ನೋಡಬಹುದು ಅಂತ ಬರೆದರು. ತಾಯಿ ಒಪ್ಪಲಿಲ್ಲ. ತಮ್ಮ ಪೌಲ್ ದೊಡ್ಡ ಕವಿ, ರಾಯಭಾರಿ. ಮೂವತ್ತು ವರ್ಷದಲ್ಲಿ ಹನ್ನೆರಡೋ ಹದಿಮೂರೋ ಸಲ ಬಂದ. 1943ರ ಅಕ್ಟೋಬರ್‌ನಲ್ಲಿ ಅವಳು ಸತ್ತಳು. ಯುದ್ಧಕಾಲದ ಆ ವರ್ಷಗಳಲ್ಲಿ ಫ್ರಾನ್ಸಿನ ಇಂಥ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ರೋಗಿಗಳು ಹಸಿವಿನಿಂದಲೇ ಸತ್ತರು. ಅವಳ ಮೂಳೆ ಕೊನೆಗೆ ಸಾಮೂಹಿಕ ಗುಂಡಿ ಸೇರಿತು.

ಈಗ ಹೇಳಿ, 'ಪ್ರೀತಿಯಲ್ಲಿ ಸುಟ್ಟುಹೋದಳು' ಅಂದಾಗ ಯಾರು ಪಾರಾಗುತ್ತಾರೆ? ಬಾಗಿಲು ಮುಚ್ಚಿದ್ದ ಕಲಾಶಾಲೆ ಪಾರು. 'ವಾಲ್ಟ್ಸ್' ಶಿಲ್ಪದಲ್ಲಿ ನಗ್ನತೆ ಜಾಸ್ತಿಯಾಯ್ತು, ಬಟ್ಟೆ ತೊಡಿಸು ಅಂದ ಸರ್ಕಾರಿ ಅಧಿಕಾರಿ ಪಾರು. ತಾಯಿ ಪಾರು, ತಮ್ಮ ಪಾರು, ಕಾನೂನು ಪಾರು. ಎಲ್ಲ ತಪ್ಪು ಇಬ್ಬರ ಮಂಚಕ್ಕೆ. ಇದು ಎಷ್ಟು ಅನುಕೂಲದ ಕಥೆ ನೋಡಿ! ನಮ್ಮ ಸುತ್ತಲೂ ಹಾಡೋದು ಬಿಟ್ಟ, ಬರೆಯೋದು ಬಿಟ್ಟ ಹೆಂಗಸರ ಬಗ್ಗೆ ನಾವು ಹೇಳೋದೂ ಇದನ್ನೇ ಅಲ್ವಾ? 'ಏನೋ ಮನಸ್ಸಿಗೆ ಹಚ್ಚಿಕೊಂಡಳಂತೆ.' ಯಾರು ಬಾಗಿಲು ಹಾಕಿದರು ಅಂತ ಯಾರೂ ಕೇಳಲ್ಲ.

*

'ಹಾಗಾದರೆ ಆ ಸಿನೆಮಾಗಳೆಲ್ಲ ದಂಡವಾ?' ಅಂತ ಕೇಳಬಹುದು. ಅಲ್ಲ. ಸಾಲ ಒಪ್ಪಿಕೊಳ್ಳಲೇಬೇಕು. 1982ರಲ್ಲಿ ಆನ್ ದೆಲ್ಬೆ ಬರೆದ ಪುಸ್ತಕ, 1984ರ ರೆನ್-ಮರೀ ಪಾರಿಸ್ ಬರೆದ ಜೀವನಚರಿತ್ರೆ, 1988ರಲ್ಲಿ ಇಸಬೆಲ್ ಅಜಾನಿ ನಟಿಸಿದ ಸಿನೆಮಾ ಇವೆಲ್ಲ ಬರದಿದ್ದರೆ ಕಮೀಲ್ ಇವತ್ತಿಗೂ ಒಂದು ಅಡಿಟಿಪ್ಪಣಿ. 2017ರಲ್ಲಿ ನೊಜಾನ್-ಸುರ್-ಸೇನ್ ಊರಿನಲ್ಲಿ ಅವಳ ಹೆಸರಿನ ಮ್ಯೂಸಿಯಮ್ ತೆರೆದಿದ್ದರೆ ಅದರ ಹಿಂದೆ ಈ ಕಥೆಗಳ ಪುಣ್ಯವೂ ಇದೆ. ಮತ್ತೆ ಆ 1988ರ ಸಿನೆಮಾ ಶುರುವಾಗೋದೇ ಕಮೀಲ್ ರಾತ್ರಿ ಹೊತ್ತು ಮಣ್ಣು ಅಗೆಯುವುದರಿಂದ. ನಮ್ಮ ಗೆಳೆಯ ಅದೇ ಸಿನೆಮಾ ನೋಡಿ ನಾಟಕ ಬರೆದವನು. ಕಣ್ಣೀರು ತಗೊಂಡ, ಮಣ್ಣು ಬಿಟ್ಟ.

ರೋಡಾನನನ್ನು ಖಳನಾಯಕ ಮಾಡೋದೂ ಬೇಡ. 1886ರಲ್ಲಿ ಅವನು, ಇವಳನ್ನು ಬಿಟ್ಟು ಬೇರೆ ಶಿಷ್ಯೆಯರನ್ನು ತಗೊಳಲ್ಲ ಅಂತ ಕರಾರು ಬರೆದುಕೊಟ್ಟಿದ್ದ. ಪಾಲಿಸಲಿಲ್ಲ. ದೂರವಾದ ಮೇಲೂ ಅವಳ ಕೆಲಸಕ್ಕೆ ಬೇರೆಯವರ ಹತ್ತಿರ ಶಿಫಾರಸು ಮಾಡಿದ. ಎರಡೂ ನಿಜ. ಅವನು 1895ರ ಸುಮಾರಿಗೆ ಮಾಡಿದ 'ಯೋಚನೆ' ಅನ್ನೋ ಅಮೃತಶಿಲೆ ಇದೆ. ಒರಟು ಕಲ್ಲಿನ ದಿಮ್ಮಿ, ಅದರ ಮೇಲೆ ಟೋಪಿ ಹಾಕಿದ ಕಮೀಲಳ ತಲೆ ಮಾತ್ರ. ತುಂಬ ಚಂದದ ಶಿಲ್ಪ, ನಾನು ಅದರ ಚಿತ್ರವನ್ನು ಎಷ್ಟು ಹೊತ್ತು ನೋಡಿದ್ದೀನೋ. ಆದರೆ ಅದರಲ್ಲಿ ಅವಳಿಗೆ ಕೈಗಳಿಲ್ಲ. ಅವಳ ಕೈಗಳ ಬೆಲೆ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೆ. ಅವನೇ ಅವಳನ್ನು ಕೈಯಿಲ್ಲದೆ ಕಲ್ಲಿನಲ್ಲಿ ಹೂತುಬಿಟ್ಟ. ಶಿಲ್ಪಿಯಾಗಿ ಅದು ಅವನ ಹಕ್ಕು. ಆದರೆ ನೂರಮೂವತ್ತು ವರ್ಷ ಆದಮೇಲೂ ನಾವು ಅದನ್ನೇ ಮಾಡುತ್ತಾ ಕೂತರೆ ಹೇಗೆ? ಮುಖ, ಕಣ್ಣೀರು, ಕೆದರಿದ ಕೂದಲು. ಕೈ ಎಲ್ಲಿ?

ಗೆಳೆಯಾ, ಫೋನ್ ಎತ್ತದಿದ್ದರೆ ಬೇಡ, ಇಲ್ಲೇ ಓದಿಕೋ. ನಾಟಕ ಬಿಡಬೇಡ. ಮುತ್ತಿನ ದೃಶ್ಯವೂ ಇರಲಿ. ಆದರೆ ರಂಗದ ಮೇಲೆ ನಿಜವಾದ ಜೇಡಿಮಣ್ಣು ತರಿಸು. ನಿನ್ನ ನಟಿಗೆ ಅಳೋದು ಹೇಳಿಕೊಡಬೇಡ, ಎರಡು ತಿಂಗಳು ಯಾರಾದರೂ ಗಣಪತಿ ಮಾಡುವವರ ಹತ್ತಿರ ಕಳಿಸು. ಒಂದೊಂದು ದೃಶ್ಯ ಒಂದೊಂದು ಶಿಲ್ಪದಿಂದ ಹುಟ್ಟಲಿ. ಶಕುಂತಲೆಯಿಂದ ಶುರು ಮಾಡು. ಎರಕದವನ ಬಿಲ್ಲು ಬರಲಿ, ಬಾಡಿಗೆ ಕೇಳುವವನು ಬರಲಿ, ಬಟ್ಟೆ ತೊಡಿಸು ಅನ್ನುವ ಅಧಿಕಾರಿ ಬರಲಿ. ಜನ ಮಣ್ಣು ನೋಡೋಕೆ ಬರಲ್ಲ ಅಂದೆಯಲ್ಲ, ನಮ್ಮ ಮಾವನ ಚಾವಡಿಯಲ್ಲಿ ಚೌತಿಗೆ ಮುಂಚೆ ದಿನಾ ಸಂಜೆ ಅರ್ಧ ಊರು ಬಂದು ಕೂರುತ್ತಿತ್ತು. ಟಿಕೆಟ್ಟೂ ಇರಲಿಲ್ಲ, ಪ್ರೀತಿಯ ಕಥೆಯೂ ಇರಲಿಲ್ಲ. ಮಣ್ಣು ದೇವರಾಗೋದನ್ನ ನೋಡೋಕೆ ಬರುತ್ತಿದ್ದರು.

ಕೊನೆಯ ದೃಶ್ಯಕ್ಕೂ ನನ್ನದೊಂದು ಸಲಹೆ. ಕಮೀಲಳ ಜೊತೆ ಸ್ಟುಡಿಯೋ ಹಂಚಿಕೊಂಡಿದ್ದ ಜೆಸ್ಸಿ ಲಿಪ್ಸ್‌ಕೂಂಬ್ ಅನ್ನೋ ಇಂಗ್ಲಿಷ್ ಶಿಲ್ಪಿ ಇದ್ದಳಲ್ಲ, ನಿನ್ನ ನಾಟಕದಲ್ಲಿ ಅವಳೂ ಇಲ್ಲ. ಜೆಸ್ಸಿಯನ್ನು ಮದುವೆಯಾದ ವಿಲಿಯಂ ಎಲ್ಬೋರ್ನ್ 1887ರಲ್ಲಿ ಒಂದು ಫೋಟೋ ತೆಗೆದ. ಕಮೀಲ್ ಶಕುಂತಲೆಯ ಮುಂದೆ ನಿಂತು ಕೆಲಸ ಮಾಡುತ್ತಿದ್ದಾಳೆ, ಕೈ ಮಣ್ಣಿನಲ್ಲಿದೆ. 1929ರಲ್ಲಿ ಗಂಡ ಹೆಂಡತಿ ಆಸ್ಪತ್ರೆಗೆ ಹುಡುಕಿಕೊಂಡು ಹೋದರು. ಅವನು ಮತ್ತೊಂದು ಫೋಟೋ ತೆಗೆದ. ಕೋಟು ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಜೆಸ್ಸಿ. ಕೈಗಳು ಸುಮ್ಮನಿವೆ. ಆಸ್ಪತ್ರೆಯ ಮೂವತ್ತು ವರ್ಷದಲ್ಲಿ ಅವಳು ಮತ್ತೆ ಶಿಲ್ಪ ಮಾಡಲಿಲ್ಲ.

ಆ ಎರಡು ಫೋಟೋ ಪರದೆಯ ಮೇಲೆ ಹಾಕು. ಯಾರ ಹೆಸರನ್ನೂ ಕೂಗಿಸಬೇಡ.

ನನ್ನ ಹಳೆಯ 'ಪ್ರೀತಿಯ ಬೆಂಕಿ' ಬರಹವನ್ನು ಅಳಿಸಿಲ್ಲ, ಅಲ್ಲೇ ಇದೆ. ಅದರ ಕೆಳಗೆ ಈ ಬರಹದ ಕೊಂಡಿ ಹಾಕಿದ್ದೀನಿ. ಬೈಯೋದಿದ್ದರೆ ಎರಡನ್ನೂ ಓದಿ ಬೈಯಿರಿ.